ಮೂಗಿಗಿಂತ ಮೂಗುತಿ ಭಾರವೇ?

ಹರೆಯದ ಮುಖದ ಮೇಲೆ ನಾಲ್ಕು ಮೊಡವೆ ಏಳುವುದು ಲೋಕರೂಢಿ. ನಮ್ಮ ತಲೆಮಾರಿನವರಿಗೂ ಎದ್ದವು. ಕಡಲೆಹಿಟ್ಟು, ಅರಿಸಿನ, ಗಂಧ ಎಂದು ಮನೆಯಲ್ಲಿದ್ದುದನ್ನು ಹಚ್ಚಿಕೊಂಡೆವು. ಕಾಲ ಬಂದಾಗ ಅವು ಹೋದವು. ಆದ್ದರಿಂದ ಮೊಡವೆಯ ಮಾತನ್ನು ಧರ್ಮಾಧರ್ಮದ ಪ್ರಶ್ನೆಯಾಗಿ ಎತ್ತಿಕೊಂಡರೆ ಸಂಘದ ಹಿರಿಯರಲ್ಲಿ ಕೆಲವರಿಗೆ ನಗು ಬಂದೀತು. ಆದರೆ ಮೊಡವೆಗಳಲ್ಲಿ ಇನ್ನೊಂದು ಜಾತಿಯಿದೆ. ಅದು ಚರ್ಮದ ಆಳದಲ್ಲಿ ಗಂಟಾಗಿ ಏಳುತ್ತದೆ, ಕೀವು ತುಂಬಿ ನೋಯುತ್ತದೆ, ಕೆನ್ನೆ, ಬೆನ್ನು, ಎದೆಗೆ ಹಬ್ಬುತ್ತದೆ, ಹೋಗುವಾಗ ಕುಳಿ ಬಿಟ್ಟು ಹೋಗುತ್ತದೆ. ಆ ಕುಳಿ ಜನ್ಮವಿಡೀ ಉಳಿಯುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಎರಡಕ್ಕೂ ಗುಜರಾತಿಯ 'ಖೀಲ್' ಎಂಬ ಒಂದೇ ಹೆಸರು ಹೇಳುತ್ತಾರೆ. ಹೆಸರು ಒಂದಾದರೂ ಕಾಯಿಲೆಯ ತೂಕ ಬೇರೆ.

ಇಂಥ ಮೊಡವೆಯಿಂದ ಯಾರೂ ಸಾಯುವುದಿಲ್ಲ, ನಿಜ. ಆದರೆ ನವರಾತ್ರಿಯ ಒಂಬತ್ತು ರಾತ್ರಿಗಳೂ ಅಹಮದಾಬಾದು, ವಡೋದರಾ, ಸೂರತ್ತುಗಳ ಬೀದಿ ಬೀದಿಯಲ್ಲಿ ಗರ್ಬಾ ನಡೆಯುತ್ತಿರುವಾಗ, ತಲೆನೋವೆಂದು ಹೇಳಿ ಮನೆಯಲ್ಲೇ ಕುಳಿತುಕೊಳ್ಳುವ ಹುಡುಗಿಯ ಸಂಕಟವನ್ನು ಸಣ್ಣದೆನ್ನುವಂತಿಲ್ಲ. ಕಾಲೇಜಿನ ಹುಡುಗ ತಲೆ ತಗ್ಗಿಸಿಯೇ ನಡೆಯುತ್ತಾನೆ. ಇನ್ನು ಹೆಣ್ಣಿನ ಮದುವೆಯ ಮಾತು ಬಂದರಂತೂ ಜಾತಕಕ್ಕಿಂತ ಮೊದಲು ಫೋಟೋ ಹೋಗುವ ಕಾಲವಿದು.

ಈ ಕಾಯಿಲೆಗೆ ಒಂದು ಒಳ್ಳೆಯ ಔಷಧವಿದೆ. ಅದಕ್ಕೆ ದೊಡ್ಡ ಅಪಾಯವೂ ಅಂಟಿಕೊಂಡಿದೆ. ಪ್ರಾಣಕ್ಕೆ ಸಂಚಕಾರವಿಲ್ಲದ ರೋಗಕ್ಕೆ ಅಪಾಯವುಳ್ಳ ಔಷಧವನ್ನು ಸೇವಿಸುವುದು ಸರಿಯೇ? ಸರಿಯೆಂದರೆ ಅದನ್ನು ತೀರ್ಮಾನಿಸತಕ್ಕವರು ಯಾರು? ಮೂಗಿಗಿಂತ ಮೂಗುತಿ ಭಾರವಾಗಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿ ಯಾವುದು ಮೂಗು, ಯಾವುದು ಮೂಗುತಿ ಎಂಬುದನ್ನೇ ಮೊದಲು ತೂಗಿ ನೋಡಬೇಕಾಗಿದೆ.

ನಾವು ವೈದ್ಯರಲ್ಲ, ಬಿ.ಎಸ್ಸಿ. ಓದಿ ಕೇಂದ್ರ ಸರಕಾರದ ಕಡತಗಳ ನಡುವೆ ದಿನ ಕಳೆಯುವವರು. ಆದರೂ ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರ ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ. ಔಷಧದ ಹೆಸರು ಐಸೊಟ್ರೆಟಿನಾಯಿನ್. ವಿಟಮಿನ್ 'ಎ'ಯಿಂದ ನಮ್ಮ ಶರೀರವೇ ರೆಟಿನಾಯಿಕ್ ಆಮ್ಲವೆಂಬ ವಸ್ತುವನ್ನು ತಯಾರಿಸುತ್ತದೆ. ಅದರ ದಾಯಾದಿಯೇ ಈ ಔಷಧ. ಎರಡರಲ್ಲಿಯೂ ಇಂಗಾಲದ 20, ಜಲಜನಕದ 28, ಆಮ್ಲಜನಕದ 2 ಪರಮಾಣುಗಳಿವೆ. 'ಸಿಸ್', 'ಟ್ರಾನ್ಸ್' ಎಂದು ಕಲಿತದ್ದು ಕೆಲವರಿಗೆ ನೆನಪಿರಬಹುದು. ಅಂಥ ಒಂದು ತಿರುವಿನಷ್ಟೇ ಎರಡಕ್ಕೂ ವ್ಯತ್ಯಾಸ. ಈ ಗುಳಿಗೆ ಚರ್ಮದ ಎಣ್ಣೆಗ್ರಂಥಿಗಳನ್ನು ಕುಗ್ಗಿಸುತ್ತದೆ. ಎಣ್ಣೆ ಕಡಿಮೆಯಾದರೆ ರಂಧ್ರ ಕಟ್ಟಿಕೊಳ್ಳುವುದಿಲ್ಲ, ಅದರೊಳಗಿನ ಸೂಕ್ಷ್ಮಾಣುಗಳಿಗೆ ಆಹಾರವಿರುವುದಿಲ್ಲ, ಬಾವು ಇಳಿಯುತ್ತದೆ. ಉಳಿದ ಔಷಧಗಳಿಗೆ ಜಗ್ಗದ ಗಂಟು ಮೊಡವೆಗೆ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ. ಬಹಳ ಮಂದಿಗೆ ಒಂದೇ ಸಲದ ಚಿಕಿತ್ಸೆಯಲ್ಲಿ ವರ್ಷಗಟ್ಟಲೆ ನೆಮ್ಮದಿ ಸಿಗುತ್ತದೆ.

ಲೆಕ್ಕವನ್ನೂ ನೋಡೋಣ. ಸಾಮಾನ್ಯವಾಗಿ ತೂಕದ ಒಂದು ಕಿಲೋಗೆ ದಿನಕ್ಕೆ ಅರ್ಧದಿಂದ ಒಂದು ಮಿಲಿಗ್ರಾಂ, ಒಟ್ಟಿನಲ್ಲಿ ಕಿಲೋಗೆ 120ರಿಂದ 150 ಮಿಲಿಗ್ರಾಂ ಆಗುವವರೆಗೆ ಕೊಡುವುದು ವಾಡಿಕೆ. 60 ಕಿಲೋ ತೂಗುವವರಿಗೆ 120ರಂತೆ ಹಿಡಿದರೆ 7200 ಮಿಲಿಗ್ರಾಂ, ಎಂದರೆ ಏಳು ಗ್ರಾಂ ಚಿಲ್ಲರೆ. ಒಂದೆರಡು ಚಮಚ ಸಕ್ಕರೆಯ ತೂಕದ ವಸ್ತುವನ್ನು ನಾಲ್ಕಾರು ತಿಂಗಳ ಮೇಲೆ ಹರಡಿ ಸೇವಿಸುವುದು. ಅಷ್ಟು ಸ್ವಲ್ಪದ್ದು ಇಷ್ಟು ಕೆಲಸ ಮಾಡುತ್ತದೆಂದರೆ ಅದು ಮಾಡಬಲ್ಲ ಕೇಡೂ ಅದಕ್ಕೆ ತಕ್ಕಂತೆಯೇ ಇರುತ್ತದೆ.

ಆ ಕೇಡುಗಳು ಒಂದೇ ಬಗೆಯವಲ್ಲ. ತುಟಿ ಒಡೆಯುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಕಣ್ಣು ಒಣಗುವುದು, ಮೂಗಿನಲ್ಲಿ ರಕ್ತ ಒಸರುವುದು, ಮೈಕೈ ನೋವು ಕೆಲವರಿಗುಂಟು. ಕೆಲವರಲ್ಲಿ ರಕ್ತದ ಕೊಬ್ಬು ಏರುತ್ತದೆ, ಯಕೃತ್ತಿನ ಪರೀಕ್ಷೆಯ ಅಂಕಿಗಳು ಏರುತ್ತವೆ. ಅದಕ್ಕೇ ವೈದ್ಯರು ರಕ್ತಪರೀಕ್ಷೆ ಬರೆದುಕೊಡುವುದು. ಡಾಕ್ಸಿಸೈಕ್ಲಿನ್ ಜಾತಿಯ ಗುಳಿಗೆಗಳ ಜೊತೆ ಇದನ್ನು ಸೇವಿಸಕೂಡದು. ತಲೆಯೊಳಗಿನ ಒತ್ತಡ ಏರುವ ಭಯವಿದೆ. ಶಕ್ತಿಗೆಂದು ವಿಟಮಿನ್ 'ಎ' ಗುಳಿಗೆಯನ್ನು ಜೊತೆಗೆ ನುಂಗುವುದೂ ಸಲ್ಲದು. ಮನಸ್ಸಿನ ಮೇಲೆ ಏನು ಪರಿಣಾಮವೆಂಬ ಬಗ್ಗೆ ವಾದವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯೊಂದು, ಒಟ್ಟು ಸೇವಿಸುವವರಲ್ಲಿ ಖಿನ್ನತೆ ಹೆಚ್ಚಿದ್ದು ಕಾಣುವುದಿಲ್ಲವೆಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ ಸರಕಾರ, 18 ತುಂಬದವರಿಗೆ ಇದನ್ನು ಆರಂಭಿಸಬೇಕಾದರೆ ಇಬ್ಬರು ತಜ್ಞರ ಒಪ್ಪಿಗೆ ಬೇಕೆಂದು ನಿಯಮ ಮಾಡಿತು. ಸೇವಿಸುತ್ತಿರುವ ಮಗುವಿನ ಮನಸ್ಸಿನ ಮೇಲೆ ಮನೆಯವರು ಕಣ್ಣಿಟ್ಟಿರಬೇಕೆಂಬುದು ಇವೆರಡರಿಂದಲೂ ತಿಳಿಯುವ ಮಾತು. ಇವೆಲ್ಲವೂ ಸೇವಿಸುವವರ ಮೈಗೇ ಆಗುವ ತೊಂದರೆಗಳು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೀಳುವುದು ಮಾತ್ರ ಸೇವಿಸುವವರ ಮೇಲಲ್ಲ. ಗರ್ಭದಲ್ಲಿ ಶಿಶುವಿನ ಮುಖ, ಕಿವಿ, ಹೃದಯ, ಮೆದುಳು ರೂಪುಗೊಳ್ಳುವಾಗ ಎಲ್ಲಿ ಏನು ಬೆಳೆಯಬೇಕೆಂದು ಸೂಚನೆ ಕೊಡುವ ದ್ರವ್ಯಗಳಲ್ಲಿ ರೆಟಿನಾಯಿಕ್ ಆಮ್ಲವೂ ಒಂದು. ಅದು ಹೊತ್ತಿಗೆ ತಕ್ಕಷ್ಟು, ಅಳತೆಗೆ ತಕ್ಕಷ್ಟು ಇರಬೇಕು. ಆ ಸಮಯದಲ್ಲಿ ತಾಯಿಯ ರಕ್ತದಲ್ಲಿ ಈ ಔಷಧವಿದ್ದರೆ ಸೂಚನೆಗಳೆಲ್ಲ ಕಲಸಿಹೋಗುತ್ತವೆ. ಅಮೆರಿಕದಲ್ಲಿ ಈ ಔಷಧಕ್ಕೆ ಪರವಾನಗಿ ಸಿಕ್ಕಿದ್ದು 1982ರಲ್ಲಿ. ಗರ್ಭಿಣಿಯರು ಸೇವಿಸಕೂಡದೆಂದು ಮೊದಲ ದಿನದಿಂದಲೇ ಅಚ್ಚು ಹಾಕಿದ್ದರು. ಆದರೂ ಮರುವರ್ಷವೇ ಅಂಗವಿಕಲ ಶಿಶುಗಳ ವರದಿಗಳು ಬಂದವು. 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ 154 ಗರ್ಭಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ 95ನ್ನು ತೆಗೆಸಲಾಗಿತ್ತು. 12 ತಾವೇ ಇಳಿದುಹೋಗಿದ್ದವು. ಉಳಿದ 47ರಲ್ಲಿ 21 ಶಿಶುಗಳಿಗೆ ದೊಡ್ಡ ಅಂಗದೋಷಗಳಿದ್ದವು.

ಥಾಲಿಡೊಮೈಡ್ ಎಂಬ ಔಷಧದ ಕಥೆಯನ್ನು ವಾಚಕರು ಕೇಳಿರಬಹುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಸಾವಿರಾರು ಮಕ್ಕಳು ಕೈಕಾಲುಗಳಿಲ್ಲದೆ ಹುಟ್ಟಿದ ಮೇಲೆ 1961ರ ನವೆಂಬರಿನಲ್ಲಿ ಅದು ಅಂಗಡಿಗಳಿಂದ ಹೋಯಿತು. ಅಲ್ಲಿ ಆ ತಾಯಂದಿರಿಗೆ ಯಾರೂ ಏನೂ ಹೇಳಿರಲಿಲ್ಲ. ಇಲ್ಲಿ ಹೇಳಿದ್ದರು, ಪೆಟ್ಟಿಗೆಯ ಮೇಲೆಯೇ ಬರೆದಿದ್ದರು, ಆದರೂ ಆಯಿತು. ಇದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಕಾಗದದ ಮೇಲೆ ಅಚ್ಚು ಹಾಕುವುದು ಬೇರೆ, ಮನುಷ್ಯನಿಗೆ ತಿಳಿಯುವಂತೆ ಹೇಳುವುದು ಬೇರೆ. ಅದನ್ನು ಅರಿತೇ ಅಮೆರಿಕದಲ್ಲಿ 1988ರಲ್ಲಿ ಗರ್ಭನಿರೋಧದ ತಿಳಿವಳಿಕೆಯ ಕಾರ್ಯಕ್ರಮ ಬಂತು. 2006ರಿಂದ ವೈದ್ಯ, ರೋಗಿ, ಅಂಗಡಿ ಮೂವರೂ ಹೆಸರು ನೋಂದಾಯಿಸಬೇಕೆಂಬ ಕಟ್ಟಳೆ ಬಂತು. ನಮ್ಮ ದೇಶದಲ್ಲಿ ಅಂಥ ನೋಂದಣಿಯಿಲ್ಲ. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಕಾನೂನು ಇದೆ. ಉಳಿದದ್ದು ವೈದ್ಯರ ಮತ್ತು ಮನೆಯವರ ವಿವೇಕಕ್ಕೆ ಬಿಟ್ಟದ್ದು.

ಹಾಗಾದರೆ ಈ ಔಷಧವೇ ಬೇಡವೆನ್ನೋಣವೇ? ಹಾಗೆನ್ನುವವರಿದ್ದಾರೆ. "ಮುಖದ ಚಂದಕ್ಕಾಗಿ ಇಷ್ಟೆಲ್ಲ ಯಾಕೆ? ದೇವರು ಕೊಟ್ಟ ಮುಖ, ಇದ್ದ ಹಾಗೆ ಇರಲಿ" ಎನ್ನುವುದು ಅವರ ವಾದ. ಈ ಮಾತು ಕೇಳಲು ವೈರಾಗ್ಯದಂತಿದೆ. ಆದರೆ ಆ ವೈರಾಗ್ಯವನ್ನು ಪಾಲಿಸಬೇಕಾದವರು ಹೇಳುವವರಲ್ಲ, ಹದಿನೇಳರ ಹುಡುಗಿ. ನಮ್ಮ ಕನ್ನಡಕವನ್ನು, ಕಟ್ಟಿಸಿಕೊಂಡ ಹಲ್ಲನ್ನು, ತಲೆಗೆ ಹಚ್ಚುವ ಬಣ್ಣವನ್ನು ಬಿಡದ ನಾವು ಅವಳಿಗೆ ಮಾತ್ರ ವೇದಾಂತ ಹೇಳುವುದು ನ್ಯಾಯವಲ್ಲ. ಗಂಟು ಮೊಡವೆ ಶೋಕಿಯ ವಿಷಯವಲ್ಲ, ಅದು ಕಾಯಿಲೆ. ತಡಮಾಡಿದಷ್ಟೂ ಕುಳಿಗಳು ಹೆಚ್ಚುತ್ತವೆ. ಚಿಕಿತ್ಸೆ ಕೊಡಿಸದಿರುವುದೂ ಒಂದು ಕೃತ್ಯವೇ, ಅದಕ್ಕೂ ಫಲವುಂಟು.

ಇದಕ್ಕೆ ಎದುರಾದ ವಾದ ನಮ್ಮ ಮಕ್ಕಳದು. "ಮುಖ ನನ್ನದು, ಮೈ ನನ್ನದು, ಅಪಾಯವೂ ನನ್ನದೇ. ಕೇಳಲಿಕ್ಕೆ ನೀವ್ಯಾರು?" ತುಟಿ ಒಡೆಯುವುದು, ಮೈಕೈ ನೋಯುವುದು ಇವಿಷ್ಟೇ ಇದ್ದಿದ್ದರೆ ಈ ಮಾತಿಗೆ ನಾವು ಎದುರಾಡುತ್ತಿರಲಿಲ್ಲ. ತನ್ನ ಮೈಗೆ ಬರುವ ಕಷ್ಟವನ್ನು ತಿಳಿದು ಒಪ್ಪಿಕೊಳ್ಳುವ ಹಕ್ಕು ಪ್ರಾಯಕ್ಕೆ ಬಂದವರಿಗೆಲ್ಲ ಇದೆ. ಆದರೆ ಈ ಗುಳಿಗೆಯ ವಿಶೇಷವೇ ಬೇರೆ. ನುಂಗುವವರು ಒಬ್ಬರು, ಪೆಟ್ಟು ತಿನ್ನುವವರು ಇನ್ನೊಬ್ಬರಾಗಬಹುದು. ಆ ಇನ್ನೊಬ್ಬರನ್ನು ಯಾರೂ ಕೇಳಿರುವುದಿಲ್ಲ, ಕೇಳಲು ಸಾಧ್ಯವೂ ಇಲ್ಲ.

ರಕ್ತದಾನದ ಉದಾಹರಣೆಯನ್ನೇ ನೋಡಿ. ನಮ್ಮ ಸಂಘಗಳು ರಾಜ್ಯೋತ್ಸವಕ್ಕೋ ಗಣೇಶೋತ್ಸವಕ್ಕೋ ರಕ್ತದಾನ ಶಿಬಿರ ನಡೆಸುವುದುಂಟು. ತರುಣರು ಉತ್ಸಾಹದಿಂದ ಸಾಲುಗಟ್ಟುತ್ತಾರೆ. ಈ ಗುಳಿಗೆ ಸೇವಿಸುವವರು ಕೊನೆಯ ಗುಳಿಗೆಯಾಗಿ ಒಂದು ತಿಂಗಳು ಕಳೆಯುವವರೆಗೆ ರಕ್ತ ಕೊಡಬಾರದೆಂದು ರಾಷ್ಟ್ರೀಯ ರಕ್ತ ಪೂರಣ ಪರಿಷತ್ತಿನ 2017ರ ಸೂಚನೆಗಳಲ್ಲಿದೆ. ಆ ರಕ್ತ ಯಾವ ಗರ್ಭಿಣಿಗೆ ಹೋದೀತೋ ಯಾರು ಬಲ್ಲರು? ಹುಡುಗರಿಗೂ ಈ ನಿಯಮ ಅನ್ವಯಿಸುತ್ತದೆ. ಗಂಡಸರು ಸೇವಿಸುವುದರಿಂದ ಅವರ ಸಂತಾನಕ್ಕೆ ತೊಂದರೆಯಿಲ್ಲವೆಂದು ವೈದ್ಯಶಾಸ್ತ್ರ ಹೇಳುತ್ತದೆ, ಆದರೆ ಅವರು ಕೊಟ್ಟ ರಕ್ತದ ಮಾತು ಬೇರೆ. ಶಿಬಿರದ ಫಾರ್ಮಿನಲ್ಲಿ 'ಏನಾದರೂ ಔಷಧ ಸೇವಿಸುತ್ತಿದ್ದೀರಾ?' ಎಂಬ ಪ್ರಶ್ನೆಗೆ, 'ಮೊಡವೆಯದು ತಾನೇ' ಎಂದು ಇಲ್ಲವೆಂದು ಬರೆದುಬಿಡುವ ಹುಡುಗ ಕೆಟ್ಟವನಲ್ಲ. ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ.

ಇನ್ನು ಮದುವೆಯ ವಿಷಯ. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಾಘದಲ್ಲಿ ನಿಶ್ಚಿತಾರ್ಥ, ವೈಶಾಖದಲ್ಲಿ ಮದುವೆ. ಮದುವೆಯ ಹೊತ್ತಿಗೆ ಮುಖ ತಿಳಿಯಾಗಲೆಂದು ಹೆತ್ತವರು ಗಡಿಬಿಡಿಯಿಂದ ಗುಳಿಗೆ ಆರಂಭಿಸುತ್ತಾರೆ. ಚಿಕಿತ್ಸೆಗೆ ಬೇಕಾದದ್ದು ಐದಾರು ತಿಂಗಳು, ಇರುವುದು ಮೂರು. ಗುಳಿಗೆ ನುಂಗುತ್ತಲೇ ಹುಡುಗಿ ಗಂಡನ ಮನೆಗೆ ಹೋಗುತ್ತಾಳೆ. ಅಲ್ಲಿ ಹೇಳಲು ಸಂಕೋಚ, ತವರಿನವರು ಹೇಳಬೇಡವೆಂದಿರುತ್ತಾರೆ. ಅತ್ತೆಯ ಆಸೆ ವರ್ಷದೊಳಗೆ ಮೊಮ್ಮಗು. ಇದರಲ್ಲಿ ದುಷ್ಟರು ಯಾರೂ ಇಲ್ಲ, ಎಲ್ಲರೂ ಹುಡುಗಿಯ ಹಿತ ಬಯಸುವವರೇ. ಆದರೂ ಮದುವೆಯ ಫೋಟೋ ಚೆನ್ನಾಗಿ ಬರಲೆಂದು ಕೊಟ್ಟ ಗುಳಿಗೆ, ಮೊದಲ ಮಗುವಿಗೆ ಮಾರಿಯಾಗುವ ದಾರಿ ಹೀಗೆ ತೆರೆದುಕೊಳ್ಳುತ್ತದೆ. ಮುಚ್ಚಿಡುವ ಅಗತ್ಯವಾದರೂ ಏನಿದೆ? ಈ ಔಷಧ ಮೈಯಲ್ಲಿ ನೆಲೆಯೂರುವುದಿಲ್ಲ. ನಿಲ್ಲಿಸಿ ಒಂದು ತಿಂಗಳಾದ ಮೇಲೆ ಗರ್ಭಕ್ಕೆ ಅದರ ಭಯವಿಲ್ಲವೆಂಬುದು ಒಪ್ಪಿತವಾದ ಮಾತು. ಎಂದರೆ ಇದೊಂದು ಕಳಂಕವಲ್ಲ, ಬರಿಯ ತಾರೀಖಿನ ಪ್ರಶ್ನೆ. ಚಿಕಿತ್ಸೆ ಮುಗಿಸಿ ಮದುವೆ ಮಾಡಬಹುದು, ಇಲ್ಲವೇ ಗಂಡ ಹೆಂಡತಿ ಇಬ್ಬರೂ ತಿಳಿದುಕೊಂಡು ಎಚ್ಚರದಿಂದ ಇರಬಹುದು. ಬಚ್ಚಿಟ್ಟಾಗ ಮಾತ್ರ ಅದು ಪಾಪವಾಗುತ್ತದೆ.

ಇದೇ ಕಾರಣದಿಂದ ಚರ್ಮವೈದ್ಯರು ಔಷಧ ಬರೆಯುವ ಮೊದಲು ಹೆಣ್ಣುಮಕ್ಕಳನ್ನು ಕೆಲವು ಪ್ರಶ್ನೆ ಕೇಳುತ್ತಾರೆ, ಗರ್ಭಪರೀಕ್ಷೆಯನ್ನೂ ಮಾಡಿಸಬಹುದು. ಆಗ ಪಕ್ಕದಲ್ಲಿ ಕುಳಿತ ತಂದೆಗೆ ಸಿಟ್ಟು ಬರುತ್ತದೆ. "ನಮ್ಮದು ಮರ್ಯಾದಸ್ಥ ಮನೆತನ, ಡಾಕ್ಟ್ರೇ" ಎಂದು ಅವರು ಬಾಯಿ ಮುಚ್ಚಿಸಲು ನೋಡುತ್ತಾರೆ. ಆ ಪ್ರಶ್ನೆ ಮನೆತನವನ್ನು ಕುರಿತದ್ದಲ್ಲ. ಇನ್ನೂ ಹುಟ್ಟದ, ಮಾತಾಡಲಾರದ ಒಂದು ಜೀವದ ಪರವಾಗಿ ವೈದ್ಯರು ಕೇಳುತ್ತಿದ್ದಾರೆ. ತಂದೆಯಾದವರು ಐದು ನಿಮಿಷ ಹೊರಗೆ ಕುಳಿತರೆ ಮರ್ಯಾದೆಗೇನೂ ಕುಂದಿಲ್ಲ. ತನ್ನ ಮೈಯ ವಿಷಯವನ್ನು ಮಗಳು ತಾನೇ ಕೇಳಿ, ತಾನೇ ಉತ್ತರ ಹೇಳಿ, ತಾನೇ ಒಪ್ಪಿಕೊಳ್ಳುವುದು ಅಗತ್ಯ. ಹಣ ಕೊಡುವವರು ನಾವೆಂದು ಆ ತಿಳಿವಳಿಕೆಯನ್ನೂ ನಾವೇ ಇಟ್ಟುಕೊಂಡರೆ, ಗುಳಿಗೆ ನುಂಗುವವಳಿಗೆ ಉಳಿಯುವುದು ಬರಿಯ ವಿಧೇಯತೆ. ವಿಧೇಯತೆಯಿಂದ ಅಪಾಯ ತಪ್ಪುವುದಿಲ್ಲ.

ಗುಜರಾತಿನಲ್ಲಿ ನೆಲೆಸಿದ ನಮಗೆ ಇನ್ನೊಂದು ವಿಶೇಷ ಹೊಣೆಯಿದೆ. ಈ ನಾಡು ಔಷಧಗಳ ತವರು. ವಡೋದರಾದಲ್ಲಿ 1907ರಲ್ಲಿ ಅಲೆಂಬಿಕ್, 1943ರಲ್ಲಿ ಸಾರಾಭಾಯಿ ಕೆಮಿಕಲ್ಸ್ ಹುಟ್ಟಿದವು. ಅಹಮದಾಬಾದಿನಲ್ಲಿ ಟೊರೆಂಟ್, ಝೈಡಸ್, ಇಂಟಾಸ್ ಕಂಪನಿಗಳಿವೆ. ಈ ಮೊಡವೆ ಗುಳಿಗೆಯ 'ಟ್ರೆಟಿವಾ' ಎಂಬ ಬ್ರಾಂಡು ಇಂಟಾಸಿನದೇ. ಔಷಧ ತಯಾರಾಗುವ ಊರಿನಲ್ಲಿರುವವರಿಗೆ ಔಷಧದ ಭಯ ಕಡಿಮೆ. ರಜೆಗೆ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಟಾಗ ಢೋಕ್ಲಾ, ಖಾಖ್ರಾಗಳ ಜೊತೆ ಗುಳಿಗೆಯ ಪಟ್ಟಿಗಳೂ ಚೀಲ ಸೇರುತ್ತವೆ. "ನಮ್ಮ ಹುಡುಗಿಗೆ ಇದರಿಂದಲೇ ವಾಸಿಯಾಯಿತು, ನಿಮ್ಮ ಮಗಳಿಗೂ ಕೊಡಿ ಅತ್ತಿಗೆ" ಎಂದು ಉಳಿದ ಹತ್ತು ಗುಳಿಗೆಯನ್ನು ಪ್ರೀತಿಯಿಂದಲೇ ದಾಟಿಸುತ್ತೇವೆ. ಉಪ್ಪಿನಕಾಯಿ ಹಂಚಿದಂತೆ ಈ ಗುಳಿಗೆಯನ್ನು ಹಂಚುವಂತಿಲ್ಲ. ಪಡೆದವಳ ರಕ್ತಪರೀಕ್ಷೆಯಾಗಿಲ್ಲ, ಅವಳಿಗೆ ಯಾರೂ ಏನೂ ಕೇಳಿಲ್ಲ, ಹೇಳಿಯೂ ಇಲ್ಲ. ಪೆಟ್ಟಿಗೆಯ ಮೇಲಿನ ಎಚ್ಚರಿಕೆಯಂತೂ ನಮ್ಮ ಮನೆಯ ಕಸದ ಬುಟ್ಟಿಯಲ್ಲೇ ಉಳಿಯಿತು.

ಗುಳಿಗೆಗೆ ಹೆದರಿ ಅಂಗಡಿಯ ಕ್ರೀಮಿಗೆ ಶರಣಾಗುವವರಿಗೂ ಒಂದು ಮಾತು. ಬೀದಿ ತಿರುವಿನ ಮೆಡಿಕಲ್‌ನಲ್ಲಿ ಮುಖ ತೋರಿಸಿದರೆ ಒಂದು ಟ್ಯೂಬು ಕೈಗೆ ಬರುತ್ತದೆ. ಅದರಲ್ಲಿ ಹಲವು ಸಲ ಇರುವುದು ಬೀಟಾಮೆಥಸೋನ್, ಕ್ಲೊಬೆಟಸಾಲ್ ಮುಂತಾದ ಸ್ಟೀರಾಯ್ಡು. ವಾರದೊಳಗೆ ಮುಖ ಬೆಳ್ಳಗಾದಂತೆ ಕಾಣುತ್ತದೆ. ಬಿಟ್ಟರೆ ಕೆಂಪೇರಿ ಉರಿಯುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ, ಕೊನೆಗೆ ಮೊಡವೆ ಮೊದಲಿಗಿಂತ ಹೆಚ್ಚುತ್ತದೆ. ದೇಶದ ಹಲವು ಕೇಂದ್ರಗಳ ಚರ್ಮವೈದ್ಯರು ಸೇರಿ ಮುಖದ ತೊಂದರೆಯೆಂದು ಬಂದ 2,926 ರೋಗಿಗಳನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 433 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದುದು ಕಂಡುಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ. 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಇಂಥ 14 ಸ್ಟೀರಾಯ್ಡುಗಳ ಕ್ರೀಮುಗಳನ್ನೂ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಅಪಾಯ ಗೊತ್ತಿರುವ ಗುಳಿಗೆಯನ್ನು ಬಿಟ್ಟು ಅಪಾಯ ಗೊತ್ತಿಲ್ಲದ ಕ್ರೀಮನ್ನು ಹಿಡಿಯುವುದು ಜಾಣತನವಲ್ಲ.

ಇಷ್ಟನ್ನೆಲ್ಲ ತೂಗಿ ನೋಡಿದಾಗ ನಮಗೆ ತೋರುವುದಿಷ್ಟು. ಅಪಾಯವೇ ಇಲ್ಲದ ಔಷಧ ಲೋಕದಲ್ಲಿಲ್ಲ. ಅಪಾಯವುಳ್ಳ ಔಷಧ ಸೇವಿಸುವುದು ಅಧರ್ಮವೂ ಅಲ್ಲ. ಅಪಾಯವನ್ನು ಹೊರಬೇಕಾದವರಿಗೆ ಹೇಳದೆ ಅವರ ತಲೆಯ ಮೇಲೆ ಹೊರಿಸುವುದು ಅಧರ್ಮ. ಹೊರಬೇಕಾದವರು ಇನ್ನೂ ಹುಟ್ಟಿಲ್ಲವಾದರೆ, ಅವರ ಪರವಾಗಿ ಎಚ್ಚರದಿಂದಿರುವುದು ಬಲ್ಲವರ ಕರ್ತವ್ಯ.

ಹೇಳುವುದೆಂದರೆ ಯಾವ ಭಾಷೆಯಲ್ಲಿ? ಹೊರನಾಡಿನವರಾದ ನಮಗೆ ಇದು ಸಣ್ಣ ಪ್ರಶ್ನೆಯಲ್ಲ. ಪೆಟ್ಟಿಗೆಯ ಮೇಲಿನ ಅಕ್ಷರ ಇಂಗ್ಲಿಷಿನದು, ಅದೂ ಸಾಸಿವೆ ಕಾಳಿನಷ್ಟು. ವೈದ್ಯರು ವಿವರಿಸುವುದು ಗುಜರಾತಿಯಲ್ಲೋ ಹಿಂದಿಯಲ್ಲೋ. ಊರಿನಿಂದ ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ, ಮನೆಯಲ್ಲಿ ಔಷಧ ಎತ್ತಿಡುವ ಅಜ್ಜಿಗೆ ಬರುವುದು ಕನ್ನಡವೊಂದೇ. ಗುಜರಾತಿ ಬಲ್ಲ ಮಗ ಎಲ್ಲವನ್ನೂ ಕೇಳಿಬಂದು ಮನೆಯಲ್ಲಿ "ದಿನಕ್ಕೊಂದು, ಊಟದ ಜೊತೆ" ಎಂದಷ್ಟೇ ಹೇಳುತ್ತಾನೆ. ಉಳಿದ ಮಾತು ದಾರಿಯಲ್ಲೇ ಉದುರಿಹೋಗಿರುತ್ತದೆ.

ಸಂಘಗಳಿಂದ ಆಗಬಹುದಾದ ಕೆಲಸ ಇಲ್ಲಿದೆ. ಅಹಮದಾಬಾದಿನ ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರಾದ ಎಸ್.ಎಸ್.ಜಿ. ಆಸ್ಪತ್ರೆ, ಸೂರತ್ತಿನ ನ್ಯೂ ಸಿವಿಲ್ ಆಸ್ಪತ್ರೆ, ಮೂರರಲ್ಲಿಯೂ ಚರ್ಮರೋಗ ವಿಭಾಗವಿದೆ. ವರ್ಷಕ್ಕೊಮ್ಮೆ ಒಬ್ಬ ಚರ್ಮವೈದ್ಯರನ್ನು ಕರೆಸಿ ಮಕ್ಕಳಿಗೂ ಹೆತ್ತವರಿಗೂ ಬೇರೆ ಬೇರೆಯಾಗಿ ಮಾತಾಡಿಸಬಹುದು. ಹೇಳಿದ್ದನ್ನು ಕನ್ನಡದಲ್ಲಿ ವಿವರಿಸಲು ನಮ್ಮಲ್ಲಿಯೇ ಒಬ್ಬಿಬ್ಬರು ನಿಲ್ಲಬಹುದು. ಮನೆಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ಗಂಟು ಮೊಡವೆಯೆದ್ದ ಮಗುವನ್ನು ಗೇಲಿ ಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದು; ಗುಳಿಗೆ ಬರೆದುಕೊಟ್ಟರೆ ಯಾಕೆ, ಎಷ್ಟು ದಿನ, ಏನು ಅಪಾಯ ಎಂದು ಮಗುವಿನ ಎದುರಿಗೇ ಕೇಳುವುದು; ಉಳಿದ ಗುಳಿಗೆಯನ್ನು ಯಾರಿಗೂ ಕೊಡದಿರುವುದು; ಮುಗಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಇದಕ್ಕೂ ಒಂದು ಮೂಲೆ ಸಿಕ್ಕೀತು.